ಡೀಸೆಲ್ಲೋ ಪೆಟ್ರೋಲೋ: ನೊರೆ ನನಗೆ ಹಾಕಿದ ಟೋಪಿ

ಹಾಂ, ಕೆಂಪು ಚುಕ್ಕಿ ಬಂತು, ರೆಕಾರ್ಡ್ ಆಗ್ತಿದೆ. ಈ ದನಿ ರೆಕಾರ್ಡ್ ಮಾಡ್ತಿರೋದು ಕಾರೊಳಗೆ ಕೂತು, ಗಾಜು ಏರಿಸ್ಕೊಂಡು. ಮನೇಲಿ ಕೂತರೆ ಯಾರಾದ್ರೂ ಕರೀತಾನೇ ಇರ್ತಾರೆ. ಇಲ್ಲಿ ಸೆಕೆ, ಆದ್ರೆ ನಿಶ್ಶಬ್ದ.

ನೀವು ನೋಡ್ತಿರೋ ಎರಡು ಕಾರೂ ಒಂದೇ ಮಾಡೆಲ್ಲು, ಒಂದೇ ವರ್ಷದ್ದು. ಬಿಳಿದು ಪೆಟ್ರೋಲು, ಸ್ನೇಹಿತಂದು. ಬೂದು ಬಣ್ಣದ್ದು ಡೀಸೆಲ್ಲು, ನಮ್ಮ ಭಾವಂದು. ಇಬ್ಬರೂ ಮಾರೋಕೆ ಇಟ್ಟಿದ್ದಾರೆ, ನನಗೆ ಬೇಕಾಗಿರೋದು ಒಂದೇ. ಯಾವುದನ್ನ ತಗೊಂಡ್ರೂ ಇನ್ನೊಬ್ಬರು ಮುಖ ಊದಿಸ್ಕೋತಾರೆ, ಅದಕ್ಕೆ ಈ ವಿಡಿಯೋದಲ್ಲಿ ಪರಿಹಾರ ಇಲ್ಲ.

ಭಾವ ಹೇಳೋ ಮೈಲೇಜು 24. "ಇಪ್ಪತ್ನಾಲ್ಕಕ್ಕೆ ಒಂದು ಪಾಯಿಂಟ್ ಕಮ್ಮಿ ಬಂದ್ರೆ ನನ್ನ ಕೇಳು" ಅಂದ್ರು. ಮೀಟರ್ ಬೋರ್ಡ್ ತೋರಿಸಿದ್ರು, ಅದರಲ್ಲೂ 24 ಇತ್ತು. ಅದನ್ನ ಯಾವಾಗ ಸೊನ್ನೆ ಮಾಡಿದ್ದು ಭಾವ ಅಂತ ಕೇಳಿದೆ. ಹೋದ ವಾರ ಹೈವೇ ಹತ್ತಿದಾಗಂತೆ. ಅಷ್ಟೇ ಸಾಕಿತ್ತು ನನಗೆ. ಒಂದೇ ಸಮ ವೇಗದಲ್ಲಿ ಹೋದ್ರೆ ಯಾವ ಕಾರಾದ್ರೂ ದೊಡ್ಡ ನಂಬರ್ ತೋರಿಸತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಆ ಪರದೆ ಮೇಲಿನ ಮೈಲೇಜನ್ನ ನಂಬಬೇಡಿ. ಕಂಪನಿ ಕಾಗದದಲ್ಲಿರೋದನ್ನೂ ಅಷ್ಟಾಗಿ ನಂಬಬೇಡಿ. ಯುರೋಪಿನ ಹಳೇ ಪರೀಕ್ಷೆ ಎನ್‌ಇಡಿಸಿ ಅಂತ ಇತ್ತಲ್ಲ, ಅದು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಸುಮಾರು 20 ನಿಮಿಷ, 11 ಕಿಲೋಮೀಟರ್ ಓಡಿಸೋದು, ಸರಾಸರಿ ವೇಗ ಗಂಟೆಗೆ 34 ಕಿಲೋಮೀಟರ್ ಆಸುಪಾಸು. 2017ರಿಂದ ಡಬ್ಲ್ಯುಎಲ್‌ಟಿಪಿ ಅನ್ನೋ ಹೊಸ ಪರೀಕ್ಷೆ ಬಂದ ಮೇಲೆ ಅಂಕಿಗಳು ಸ್ವಲ್ಪ ನೆಲಕ್ಕೆ ಇಳಿದ್ವು. ನಾವು ಕೊಳ್ಳೋಕೆ ನೋಡೋ ಹಳೇ ಕಾರುಗಳಲ್ಲಿ ಎಷ್ಟೋ ಆ ಹಳೇ ಪರೀಕ್ಷೆ ಕಾಲದವು.

ಸರಿ, ನಾನೇ ಅಳೀತೀನಿ ಅಂತ ಹೊರಟೆ. ಟ್ಯಾಂಕ್ ಫುಲ್ ಮಾಡು, ಓಡಿಸು, ಮತ್ತೆ ಫುಲ್ ಮಾಡು, ಭಾಗಿಸು. ಎರಡಕ್ಕೂ ಒಂದೇ ದಾರಿ, ಅರ್ಧ ಊರೊಳಗೆ ಅರ್ಧ ಹೈವೇ, ಎರಡರಲ್ಲೂ ಎಸಿ ಹಾಕಿದ್ದೆ. ಟೈರಿನ ಗಾಳಿ ಚೆಕ್ ಮಾಡಿದ್ದು ಇಲ್ಲಿ ಕಾಣ್ತಿದೆ, ಅದನ್ನೇನು ಹೇಳೋದು.

ಬಿಳಿ ಕಾರು 312 ಕಿಲೋಮೀಟರಿಗೆ 20.3 ಲೀಟರ್ ಕುಡೀತು. ಅಂದ್ರೆ 15.4. ಪರವಾಗಿಲ್ಲ. ಮಾರನೇ ದಿನ ಬೂದು ಕಾರು. ಅದೇ 312. ಬಂಕಿನಲ್ಲಿ ನಿಂತು ನೋಡ್ತೀನಿ, ಮೀಟರ್ ಓಡ್ತಾನೇ ಇದೆ, 16 ಆಯ್ತು, 18 ಆಯ್ತು, 20.1ಕ್ಕೆ ನಿಂತಿತು. 15.5! ಡೀಸೆಲ್ಲು!

ಇಲ್ಲಿ ನನ್ನ ಮುಖ ನೋಡಿ, ಎಷ್ಟು ಖುಷಿಯಾಗಿದ್ದೀನಿ. ಭಾವಂದು ಸುಳ್ಳು ಅಂತ ಸಿಕ್ಕಿಬಿತ್ತಲ್ಲ. "ಡೀಸೆಲ್ ಮೈಲೇಜು ಅನ್ನೋದೆಲ್ಲ ಕಟ್ಟುಕತೆ" ಅಂತ ಏಳು ನಿಮಿಷ ಭಾಷಣ ಬಿಗಿದಿದ್ದೆ. ಅದನ್ನ ಕತ್ತರಿಸಿ ಬಿಸಾಕಿದೀನಿ. ಯಾಕೆ ಅಂತ ಕೇಳಿ.

ರಾತ್ರಿ ಎಡಿಟ್‌ಗೆ ಕೂತಾಗ ಬೂದು ಕಾರಿಗೆ ಮೊದಲ ಸಲ ತುಂಬಿಸಿದ ಶಾಟ್ ಬಂತು. ಇದೇ, ನೋಡ್ತಿದೀರಲ್ಲ. ಗನ್ನು ಟಕ್ ಅಂತ ಕಟ್ ಆಯ್ತು. ನಾನು ಆಯ್ತು ಆಯ್ತು ಅಂತ ಕೈ ಆಡಿಸಿದೆ. ಈಗ ಟ್ಯಾಂಕಿನ ಬಾಯಿ ನೋಡಿ, ಝೂಮ್ ಮಾಡಿದೀನಿ. ಬೆಳ್ಳಗೆ ಕಾಣ್ತಿರೋದು ಎಣ್ಣೆ ಅಲ್ಲ, ನೊರೆ. ಡೀಸೆಲ್ಲು ಪೆಟ್ರೋಲಿಗಿಂತ ಜಾಸ್ತಿ ನೊರೆ ಕಟ್ಟತ್ತೆ. ಜೋರಾಗಿ ಬಿಟ್ರೆ ಆ ನೊರೆ ಮೇಲೆ ಬಂದು ಗನ್ನಿನ ತುದಿಯ ಸಣ್ಣ ತೂತು ಮುಚ್ಚತ್ತೆ, ಟ್ಯಾಂಕ್ ತುಂಬ್ತು ಅಂದ್ಕೊಂಡು ಅದು ಕಟ್ ಆಗತ್ತೆ. ಎರಡನೇ ಸಲ ತುಂಬಿಸಿದ ಹುಡುಗ ಬೇರೆ, ಭಾಳ ನಿಧಾನ. ಕಟ್ ಆದಮೇಲೆ ನಿಲ್ಲಿಸಿ, ನೊರೆ ಇಳಿಯೋವರೆಗೂ ಕಾದು, ಮತ್ತೆ ಬಿಟ್ಟು, ಮತ್ತೆ ಕಾದು. ನನಗೆ ಆಗ ರೇಗಿತ್ತು ಕೂಡ. ಅಲ್ಲಿಗೆ ಏನಾಯ್ತು, ಮೊದಲ ಸಲ ಖಾಲಿ ಉಳಿದಿದ್ದ ಜಾಗವೂ ಎರಡನೇ ಸಲ ತುಂಬಿತು. ನಾಲ್ಕು ಲೀಟರೇ ಹೆಚ್ಚಾಗಿದ್ರೂ ಲೆಕ್ಕ ಎಲ್ಲಿಂದೆಲ್ಲಿಗೆ ಹೋಯ್ತು ನೋಡಿ: 312ನ್ನ 16.1ರಿಂದ ಭಾಗಿಸಿದ್ರೆ 19.4. ನಾಲ್ಕು ಲೀಟರ್ ನೊರೆಗೆ ಒಂದು ಕಾರಿನ ಮರ್ಯಾದೆ ಹೋಗಿತ್ತು.

ಮತ್ತೆ ಮಾಡಿದೆ. ಈ ಸಲ ಎರಡು ಸಲವೂ ನಾನೇ ಗನ್ ಹಿಡಿದು, ಅದೇ ಬಂಕು, ಅದೇ ಪಂಪು, ನೊರೆ ಇಳಿಯೋವರೆಗೂ ಕಾದು. 412 ಕಿಲೋಮೀಟರ್, 20.8 ಲೀಟರ್. 19.8. ಭಾವನ 24 ಅಲ್ಲ, ನನ್ನ 15.5ಊ ಅಲ್ಲ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆದಿದ್ರೆ ಇನ್ನೂ ಚೆನ್ನಾಗಿತ್ತು, ಆದ್ರೆ ಕಾರು ನಂದಲ್ಲ.

ಯಾಕೆ ಡೀಸೆಲ್ಲಿಗೆ ಜಾಸ್ತಿ ಬರತ್ತೆ ಅಂದ್ರೆ, ಒಂದು ಕಾರಣ ಎಣ್ಣೇನೇ. ಡೀಸೆಲ್ಲು ಗಟ್ಟಿ, ಲೀಟರಿಗೆ 830 ಗ್ರಾಂ ಹತ್ತಿರ ತೂಗತ್ತೆ, ಪೆಟ್ರೋಲು 740, 750. ಹಾಗಾಗಿ ಒಂದೇ ಲೀಟರಿನಲ್ಲಿ 10%ಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿ ಇರತ್ತೆ. ಉಳಿದಿದ್ದು ಇಂಜಿನ್ ಮಾಡೋ ಕೆಲಸ. ಪೆಟ್ರೋಲ್ ಇಂಜಿನ್ನು ಟ್ರಾಫಿಕ್ಕಲ್ಲಿ ನಿಧಾನ ಹೋಗುವಾಗ ಅರ್ಧ ಮುಚ್ಚಿದ ಬಾಗಿಲಿಂದ ಗಾಳಿ ಎಳ್ಕೊಳ್ಳೋಕೆ ಒದ್ದಾಡತ್ತೆ, ಮೂಗು ಕಟ್ಟಿದಾಗ ಉಸಿರಾಡಿದ ಹಾಗೆ. ಡೀಸೆಲ್ಲಿಗೆ ಆ ಕಾಟ ಕಮ್ಮಿ, ಗಾಳೀನ ಒತ್ತೋದೂ ಜಾಸ್ತಿ. 1897ರಲ್ಲಿ ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ ಪರೀಕ್ಷೆ ಮಾಡಿಸಿದಾಗ ಎಣ್ಣೆಯ ಶಕ್ತಿಯಲ್ಲಿ 26% ಕೆಲಸಕ್ಕೆ ಬಂತು. ಆ ಕಾಲದ ಉಗಿ ಇಂಜಿನ್ನುಗಳು ಅದರ ಹತ್ತಿರಕ್ಕೂ ಇರ್ಲಿಲ್ಲ. ಆ ಮನುಷ್ಯನ ಕತೆ ದೊಡ್ಡದು, ಹಡಗಿನಿಂದ ಕಾಣೆಯಾಗಿ... ಅಯ್ಯೋ, ಶಾಟ್ ಮುಗೀತಿದೆ, ಬಿಡಿ.

ದುಡ್ಡಿನ ಲೆಕ್ಕ. ದುಡ್ಡನ್ನ ದುಡ್ಡಲ್ಲಿ ಎಣಿಸಬೇಡಿ, ಲೀಟರಲ್ಲಿ ಎಣಿಸಿ. ಭಾವ ತಮ್ಮ ಕಾರಿಗೆ ಹೆಚ್ಚಿಗೆ ಕೇಳ್ತಿರೋ ಮೊತ್ತಕ್ಕೆ ಸುಮಾರು 2000 ಲೀಟರ್ ಎಣ್ಣೆ ಬರತ್ತೆ. ಎರಡೂ ಎಣ್ಣೆಗೆ ಒಂದೇ ರೇಟು ಅಂತ ಇಟ್ಕೊಂಡಿದೀನಿ, ನಿಮ್ಮಲ್ಲಿ ವ್ಯತ್ಯಾಸ ಇದ್ರೆ ನೀವು ತಿದ್ಕೊಳ್ಳಿ. ನಾನು ಓಡಿಸೋದು ವರ್ಷಕ್ಕೆ 8000 ಕಿಲೋಮೀಟರ್. ಪೆಟ್ರೋಲ್ ಕಾರಿಗೆ 519 ಲೀಟರ್, ಡೀಸೆಲ್ಲಿಗೆ 404. ಉಳಿಯೋದು 115. ಆ 2000 ಲೀಟರ್ ವಾಪಸ್ ಬರೋಕೆ 17 ವರ್ಷ ದಾಟತ್ತೆ. ಅಷ್ಟರಲ್ಲಿ ಕಾರು ಗುಜರಿಗೆ. ಅದೇ ವರ್ಷಕ್ಕೆ 25,000 ಓಡಿಸೋರಿಗೆ 360 ಲೀಟರ್ ಉಳಿಯತ್ತೆ, ಐದೂವರೆ ವರ್ಷ. ಅವರಿಗೆ ಡೀಸೆಲ್ಲೇ ಸರಿ, ನಾನೇ ಹೇಳ್ತೀನಿ.

ಇನ್ನೊಂದು, ನನ್ನ ಓಡಾಟ ಎಲ್ಲ ಐದು, ಆರು ಕಿಲೋಮೀಟರಿಂದು. ಡೀಸೆಲ್ ಇಂಜಿನ್ನು ಬಿಸಿ ಆಗೋದ್ರೊಳಗೆ ನಾನು ಇಳಿದಿರ್ತೀನಿ. ಈಚಿನ ಡೀಸೆಲ್ ಕಾರುಗಳ ಹೊಗೆ ಪೈಪಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರತ್ತೆ, ಡಿಪಿಎಫ್ ಅಂತಾರೆ. ಆ ಮಸಿ ಸುಡೋಕೆ ಸುಮಾರು 600 ಡಿಗ್ರಿ ಬೇಕು. ಇಂಜಿನ್ನು ಅದಕ್ಕೆ ಅಂತಾನೇ ಹೆಚ್ಚು ಎಣ್ಣೆ ಚುಚ್ಚತ್ತೆ, ಅಷ್ಟು ಹೊತ್ತು ಮೈಲೇಜು ಕುಸಿಯತ್ತೆ. ಮಧ್ಯದಲ್ಲೇ ಆಫ್ ಮಾಡಿದ್ರೆ ಈ ಸದ್ದು... ಕೇಳಿಸ್ತಾ? ಗರ್ರ್ ಅಂತ. ಕೀ ನನ್ನ ಕೈಯಲ್ಲಿದೆ, ಫ್ಯಾನ್ ಓಡ್ತಾನೇ ಇದೆ. ಹೀಗೆ ಮತ್ತೆ ಮತ್ತೆ ಆದ್ರೆ ಸುಡದ ಡೀಸೆಲ್ಲು ಇಂಜಿನ್ ಆಯಿಲ್ಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿ, ನೀರಿನ ಹಾಗೆ ತೆಳ್ಳಗೆ, ಡೀಸೆಲ್ ವಾಸನೆ ಹೊಡೀತಿದ್ರೆ ಆ ಕಾರು ಹೆಚ್ಚಾಗಿ ಊರೊಳಗೇ ಓಡಿರಬಹುದು, ಮಾಲೀಕರು ಏನೇ ಹೇಳ್ಲಿ. ಭಾವನ ಕಾರಲ್ಲಿ ಗೆರೆ ಒಳಗೇ ಇದೆ. ಕಾರು ಚೆನ್ನಾಗೇ ಇದೆ ಪಾಪ.

ಹಾಗಾಗಿ ಬಿಳಿದು. ಆದ್ರೂ ಮೂರನೇ ಗೇರಲ್ಲಿ ಆ ಬೂದು ಕಾರು ಏರು ಹತ್ತೋದು ಇದೆಯಲ್ಲ, ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ. ಅದನ್ನ ನೋಡಿದಾಗ 17 ವರ್ಷ ಏನು ಮಹಾ ಅನ್ಸತ್ತೆ. ಇಲ್ಲ ಇಲ್ಲ, ಬಿಳಿದೇ.

ಗಾಜು ತಟ್ತಿದಾರೆ. ಭಾವ. ಒಂದ್ನಿಮಿಷ... "ಬಂದೆ ಭಾವ! ಇಲ್ಲ, ನಿಮ್ಮ ಕಾರಿನ ಬಗ್ಗೇನೇ ಹೇಳ್ತಿದ್ದೆ."