ಕೊನೆಯವನಿಗೆ ಸೊನ್ನೆ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಇಪ್ಪತ್ತೈದು ನಿಮಿಷ ಮಾತನಾಡಬೇಕೆಂದು ಕರೆದಿದ್ದರು. ನನಗಿಂತ ಮೊದಲು ಮಾತನಾಡಿದವರು ಅದರಲ್ಲಿ ಹತ್ತನ್ನು ಪ್ರೀತಿಯಿಂದ ನುಂಗಿದ್ದಾರೆ. ಚಿಂತೆಯಿಲ್ಲ. ಸ್ಪೀಡ್‌ವೇ ಎಂಬ ನಮ್ಮ ಈ ಮಣ್ಣಿನ ಹಾದಿಯ ಬೈಕ್ ಪಂದ್ಯದಲ್ಲಿ ಒಂದು ಓಟಕ್ಕೆ ಸುಮಾರು ಒಂದು ನಿಮಿಷ ಸಾಕು. ಆ ಲೆಕ್ಕದಲ್ಲಿ ನಾನು ಶ್ರೀಮಂತ.

ಬ್ರೇಕ್ ಇಲ್ಲದ, ಮೆಥನಾಲ್ ಕುಡಿಯುವ 500 ಸಿಸಿ ಬೈಕು, ನಾಲ್ವರು ಸವಾರರು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ಇಷ್ಟು ನಿಮಗೆ ಗೊತ್ತಿರುವುದೇ. ವೈಯಕ್ತಿಕ ಚಾಂಪಿಯನ್ನರ ಹೆಸರುಗಳೂ ಇಲ್ಲಿ ಹಲವರಿಗೆ ಬಾಯಿಪಾಠ. ನನ್ನ ತಕರಾರು ಅಲ್ಲಿಂದಲೇ ಶುರು. ಒಬ್ಬನೇ ಗೆಲ್ಲುವುದನ್ನು ಎಷ್ಟೆಂದು ನೋಡುವುದು? ಈ ಆಟದ ಸತ್ವ ಇರುವುದು ದೇಶಕ್ಕೆ ಇಬ್ಬರಂತೆ ಇಳಿಯುವ ಜೋಡಿ ಪಂದ್ಯದಲ್ಲಿ, ಅದರಲ್ಲೂ ಕೊನೆಗೆ ಬರುವವನ ಸೊನ್ನೆಯಲ್ಲಿ.

ಮುಂದಿನ ಸಾಲಿನವರ ಕೈಗೆ ಒಂದು ಹಾಳೆ ಕೊಟ್ಟಿದ್ದೇನೆ, ನೋಡಿ ಪಕ್ಕದವರಿಗೆ ದಾಟಿಸಿ. ಕೆಲಸದ ನಿಮಿತ್ತ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿದ್ದಾಗ ಅಲ್ಲಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನೋಡಿದ ಲೀಗ್ ಪಂದ್ಯದ ಅಂಕಪಟ್ಟಿ ಅದು. ಹದಿನೈದು ಓಟ, ಪ್ರತಿ ಓಟಕ್ಕೆ ಒಂದೊಂದು ತಂಡದಿಂದ ಇಬ್ಬರು. ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಮೊದಲ ತಿರುವಿನಿಂದ ಮಣ್ಣು ಹಾರಿ ಬರುವಾಗ ಒಂದು ಕೈಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಮರೆ ಹಿಡಿಯುವುದು, ಇನ್ನೊಂದು ಕೈಯಲ್ಲಿ ಮೊದಲಿನವನಿಂದ ಕೊನೆಯವನವರೆಗೆ ಮೂರು, ಎರಡು, ಒಂದು, ಸೊನ್ನೆ ಎಂದು ಅಂಕ ಬರೆಯುವುದು. ಹಾಳೆಯ ಮೇಲಿನ ಕಲೆಗಳು ಕಾಫಿಯವಲ್ಲ. ಮೊದಲು ಬಂದವನನ್ನು ಕಂಡು ನಾನು ಎದ್ದು ಕುಣಿದೆ. ಆಕೆ ನನ್ನ ತೋಳು ಎಳೆದು ಕೂರಿಸಿ, ಅದೇ ತಂಡದ ಇನ್ನೊಬ್ಬ ಪಡೆದ ಸೊನ್ನೆಯ ಮೇಲೆ ಪೆನ್ನಿನ ತುದಿಯಿಂದ ಎರಡು ಸಲ ಕುಟ್ಟಿದರು. ಭಾಷೆ ಬಾರದ ನನಗೆ ಅಷ್ಟು ಪಾಠ ಸಾಕಾಯಿತು.

ಲೆಕ್ಕ ಹಾಕಿ. ಒಬ್ಬ ಮೊದಲು ಬಂದು ಜೊತೆಗಾರ ಕೊನೆಗೆ ಬಂದರೆ ಮೂರು ಅಂಕ. ಎದುರಿನವರು ಎರಡನೆಯ, ಮೂರನೆಯ ಸ್ಥಾನ ಹಿಡಿದರೆ ಅವರಿಗೂ ಮೂರು. ಅಂದರೆ ಶೂರನ ಶೌರ್ಯವೆಲ್ಲ ಸಮಬಲಕ್ಕೆ ಬಂದು ನಿಂತಿತು. ಕಂಬಳದ ಕರೆಯ ಬದಿಯಲ್ಲಿ ಬೆಳೆದವರು ಇಲ್ಲಿ ಬಹಳ ಮಂದಿ ಇದ್ದೀರಿ. ಒಂದು ಕೋಣ ಮುಂದಕ್ಕೆ ಹಾರಿ ಇನ್ನೊಂದು ಕಾಲೆಳೆದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಆದರೆ ಕೋಣಗಳ ಹೆಗಲ ಮೇಲೆ ನೊಗವಿದೆ. ಇಲ್ಲಿ ಅದೂ ಇಲ್ಲ. ಮುಂದಿರುವವನು ಹಿಂದಿನ ಚಕ್ರ ಜಾರುತ್ತಿರುವಾಗಲೇ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲು ನೆಲ ಉಜ್ಜುತ್ತಿರುವಾಗಲೇ ಕತ್ತು ತಿರುಗಿಸಿ ತನ್ನವನು ಎಲ್ಲಿದ್ದಾನೆಂದು ನೋಡಬೇಕು. ಆಮೇಲೆ ಥ್ರಾಟಲ್ ಒಂದಿಷ್ಟು ಸಡಿಲಿಸಿ, ಒಬ್ಬ ಒಳಗೆರೆ, ಒಬ್ಬ ಹೊರಬದಿ ಹಿಡಿದು ಎದುರಾಳಿಗೆ ದಾರಿ ಮುಚ್ಚಬೇಕು. ಬೇಕೆಂದೇ ನಿಧಾನವಾಗುವ ವಿದ್ಯೆ ಇದು. ಬ್ರೇಕ್ ಇಲ್ಲದ ಬೈಕಿನ ಮೇಲೆ.

ಜೋಡಿಗಳ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1970ರಲ್ಲಿ, ಸ್ವೀಡನ್ನಿನ ಮಾಲ್ಮೊದಲ್ಲಿ. ಗೆದ್ದವರು ನ್ಯೂಜಿಲೆಂಡಿನ ಐವನ್ ಮೇಜರ್ ಮತ್ತು ರಾನಿ ಮೂರ್. ಮೇಜರ್ ಹೆಸರಿನ ಇಂಗ್ಲಿಷ್ ಕಾಗುಣಿತ ಕಂಡು ನಾನು ವರ್ಷಗಟ್ಟಲೆ ‘ಮಾಗರ್’ ಎಂದು ಓದಿದ್ದೇನೆ, ಆ ಪಾಪ ನನ್ನ ಮೇಲಿರಲಿ. ಮರುವರ್ಷ ರಿಬ್ನಿಕ್‌ನಲ್ಲಿ ಪೋಲೆಂಡಿನ ಶ್ಚಾಕಿಯೆಲ್ ಮತ್ತು ವಿಗ್ಲೆಂಡಾ ಆರು ಓಟಗಳಲ್ಲಿ ಆರರಲ್ಲೂ ಮೊದಲ ಎರಡು ಸ್ಥಾನ ಹಿಡಿದರು. ಮೂವತ್ತಕ್ಕೆ ಮೂವತ್ತು. ಇದೇ ಶ್ಚಾಕಿಯೆಲ್ ಅದೇ ವರ್ಷ ವೈಯಕ್ತಿಕ ಫೈನಲ್‌ಗೆ ಹೋಗಿ ಪಡೆದದ್ದು ಸೊನ್ನೆ! ಎರಡು ವರ್ಷದ ಬಳಿಕ ಹೋಜುಫ್‌ನಲ್ಲಿ ಮೇಜರ್‌ನನ್ನೇ ಹೆಚ್ಚುವರಿ ಓಟದಲ್ಲಿ ಸೋಲಿಸಿ ವಿಶ್ವ ಚಾಂಪಿಯನ್ ಆದ, ಅದು ಬೇರೆ ಮಾತು. ನಾನು ಹೇಳುವುದು, ಪಕ್ಕದಲ್ಲಿ ಒಬ್ಬನಿದ್ದಾಗ ಮೂವತ್ತು, ಒಂಟಿಯಾದಾಗ ಸೊನ್ನೆ.

ಈಗ ನನ್ನ ಅಚ್ಚುಮೆಚ್ಚಿನ ಕಥೆ. ಕೇಳಿದವರು ಸಹಿಸಿಕೊಳ್ಳಬೇಕು.

ಡೆನ್ಮಾರ್ಕಿನಲ್ಲಿ ಎರಿಕ್ ಗುಂಡರ್ಸನ್, ಹಾನ್ಸ್ ನೀಲ್ಸನ್ ಎಂಬ ಇಬ್ಬರು. 1984ರಿಂದ 1989ರವರೆಗೆ ಆರು ವರ್ಷ ವೈಯಕ್ತಿಕ ವಿಶ್ವಪಟ್ಟ ಇವರಿಬ್ಬರ ಮನೆ ಬಿಟ್ಟು ಆಚೆ ಹೋಗಲಿಲ್ಲ: ಮೂರು ಒಬ್ಬನಿಗೆ, ಮೂರು ಇನ್ನೊಬ್ಬನಿಗೆ. ಇಂಗ್ಲೆಂಡಿನ ಲೀಗ್‌ನಲ್ಲಿ ಒಬ್ಬ ಕ್ರೇಡ್ಲಿ ಹೀತ್‌ಗೆ, ಇನ್ನೊಬ್ಬ ಆಕ್ಸ್‌ಫರ್ಡ್‌ಗೆ, ಅಲ್ಲಿಯೂ ಎದುರುಬದುರು. 1985ರ ಫೈನಲ್‌ನಲ್ಲಿ ಇವರಿಬ್ಬರು ಮತ್ತು ಅಮೆರಿಕದ ಸ್ಯಾಮ್ ಎರ್ಮೊಲೆಂಕೊ ಸಮ ಅಂಕದಲ್ಲಿ ನಿಂತು ಹೆಚ್ಚುವರಿ ಓಟವಾಯಿತು. ಗೆದ್ದವನು ಗುಂಡರ್ಸನ್. 1988ರಲ್ಲಿ ಸ್ವಂತ ನೆಲದ ವೊಯೆನ್ಸ್‌ನಲ್ಲಿ ಮತ್ತೆ ಇಬ್ಬರೂ ಸಮ, ಮತ್ತೆ ಹೆಚ್ಚುವರಿ ಓಟ, ಮತ್ತೆ ಗುಂಡರ್ಸನ್. ನೀಲ್ಸನ್ ಜಾಗದಲ್ಲಿ ನಾನಿದ್ದಿದ್ದರೆ ಆ ಮನುಷ್ಯನ ಮದುವೆಗೂ ಹೋಗುತ್ತಿರಲಿಲ್ಲ. ಆದರೆ 1986ರಿಂದ 1989ರವರೆಗೆ ಪಾಕಿಂಗ್, ಪಾರ್ದುಬಿತ್ಸೆ, ಬ್ರಾಡ್‌ಫರ್ಡ್, ಲೆಶ್ನೊ, ನಾಲ್ಕು ಊರುಗಳಲ್ಲಿ ನಾಲ್ಕು ವರ್ಷ ಜೋಡಿ ಪಂದ್ಯವನ್ನು ಗೆದ್ದವರು ಇದೇ ಇಬ್ಬರು. ಒಬ್ಬನು ಯಾವ ತಿರುವಿನಲ್ಲಿ ಎಲ್ಲಿರುತ್ತಾನೆಂದು ಇನ್ನೊಬ್ಬನಷ್ಟು ಬಲ್ಲವರು ಲೋಕದಲ್ಲಿ ಬೇರೆ ಯಾರಿದ್ದರು? ಅಷ್ಟು ವರ್ಷ ಸೋಲಿಸಲು ನೋಡಿದ್ದೇ ಅಭ್ಯಾಸವಾಗಿತ್ತು.

1989ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಫರ್ಡ್‌ನಲ್ಲಿ ನಡೆದ ವಿಶ್ವ ತಂಡ ಪಂದ್ಯದ ಫೈನಲ್‌ನ ಮೊದಲ ಓಟದಲ್ಲೇ ಗುಂಡರ್ಸನ್ ಬಿದ್ದ. ಪ್ರಾಣ ಉಳಿಯಿತು, ನಡೆಯುವಂತಾದ, ಮತ್ತೆ ಪಂದ್ಯಕ್ಕಿಳಿಯಲಿಲ್ಲ. ಮುಂದಿನ ವರ್ಷ ನೀಲ್ಸನ್ ಇನ್ನೊಬ್ಬ ಜೊತೆಗಾರನೊಂದಿಗೆ ಅದೇ ಜೋಡಿ ಪಟ್ಟವನ್ನು ಗೆದ್ದ. ಅಂಕಪಟ್ಟಿಯಲ್ಲಿ ಅದು ಒಂದು ಸಾಲು ಮಾತ್ರ.

ಅಧ್ಯಕ್ಷರಿಂದ ಚೀಟಿ ಬಂದಿದೆ: ‘ಎರಡು ನಿಮಿಷ’. ಸ್ಪೀಡ್‌ವೇಯಲ್ಲೂ ಇದೇ ಗಡುವು. ಅಷ್ಟರಲ್ಲಿ ಗೆರೆಗೆ ಬಾರದವನು ಆ ಓಟದಿಂದ ಹೊರಗೆ. ಹಾಗಾಗಿ 1980ರ ದಶಕದ ಆರಂಭದ ಅಮೆರಿಕನ್ನರು, ಇಂಗ್ಲೆಂಡಿನ ಪೀಟರ್ ಕಾಲಿನ್ಸ್, ಸ್ವೀಡನ್ನಿನ ಮಿಶಾನೆಕ್, ಜೋಡಿ ಪಟ್ಟ ಗೆದ್ದ ಇವರೆಲ್ಲರನ್ನೂ ಬಿಡುತ್ತೇನೆ. 1993ರ ನಂತರ ಈ ಪಂದ್ಯವನ್ನು ತಂಡಗಳ ಪಂದ್ಯದೊಳಗೆ ಕರಗಿಸಿಬಿಟ್ಟರು. ಯಾಕೆ ಎಂಬುದಕ್ಕೆ ನನ್ನ ಬಳಿ ಒಂದು ಪುಟ ಬೈಗುಳವಿತ್ತು, ಅದನ್ನೂ ಮಡಚಿಡುತ್ತೇನೆ.

ಆದರೆ ಇದೊಂದನ್ನು ಹೇಳಲೇಬೇಕು. 2018ರಲ್ಲಿ ‘ಸ್ಪೀಡ್‌ವೇ ಆಫ್ ನೇಷನ್ಸ್’ ಎಂಬ ಹೆಸರಿನಲ್ಲಿ ಜೋಡಿ ಪಂದ್ಯ ಮರಳಿ ಬಂತು. ಆಮೇಲೆ ಅದರ ಅಂಕಗಳನ್ನು ಬದಲಿಸಿದರು: ನಾಲ್ಕು, ಮೂರು, ಎರಡು, ಸೊನ್ನೆ. ಒಂದು ಎಂಬುದೇ ಇಲ್ಲ! ಈಗ ಮೊದಲನೆಯವನೂ ಕೊನೆಯವನೂ ಸೇರಿದರೆ ನಾಲ್ಕು. ನಡುವಿನ ಇಬ್ಬರು ಸೇರಿದರೆ ಐದು. ನನ್ನ ಅಜ್ಜಿಯೇ ಹೋಗಿ ನಿಯಮ ಬರೆದುಬಂದರೇನೋ ಅನಿಸಿತು. 2021ರಲ್ಲಿ ಮ್ಯಾಂಚೆಸ್ಟರ್‌ನ ಅಂತಿಮ ಓಟದಲ್ಲಿ ಪೋಲೆಂಡಿನ ಬಾರ್ತೋಶ್ ಜ್ಮಾರ್ಜ್ಲಿಕ್ ಎಲ್ಲರಿಗಿಂತ ಮೊದಲು ಗೆರೆ ದಾಟಿದ. ಅವನ ಹಿಂದೆ ಬಂದವರು ಬ್ರಿಟನ್ನಿನ ರಾಬರ್ಟ್ ಲ್ಯಾಂಬರ್ಟ್, ಡ್ಯಾನ್ ಬ್ಯೂಲಿ. ಐದು, ನಾಲ್ಕು. 1989ರಿಂದ ಬ್ರಿಟನ್ನಿಗೆ ಒಲಿಯದಿದ್ದ ವಿಶ್ವ ತಂಡ ಪ್ರಶಸ್ತಿ ಹಾಗೆ ಒಲಿಯಿತು.

ಮುಗಿಸಿದೆ ಅಧ್ಯಕ್ಷರೇ. ಆ ಹಾಳೆ ಎಲ್ಲಿಯವರೆಗೆ ಹೋಗಿದೆ? ಕೊನೆಯ ಸಾಲಿಗೂ ತಲುಪಲಿ. ಹನ್ನೊಂದನೆಯ ಓಟದ ಸಾಲು ಖಾಲಿ ಇದೆ. ಆ ಹೊತ್ತಿಗೆ ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು. ದಯವಿಟ್ಟು ಯಾರೂ ಅಂದಾಜಿನ ಮೇಲೆ ತುಂಬಿಸಬೇಡಿ.