ಬಿದ್ದಾಗ ಜಾಗ ಬಿಡದ ಬಟ್ಟೆ: ರೈಡಿಂಗ್ ಗೇರ್ ಆರಿಸುವುದು, ಹಾಕಿ ನೋಡುವುದು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಲೆಕ್ಕ. ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಮುಂದಿನ ಚಕ್ರ ಜಾರಿ ಸವಾರ ನೆಲಕ್ಕೆ ಬಿದ್ದ ಅಂತಿಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಉಜ್ಜಿಕೊಂಡು ನಿಲ್ಲುವಷ್ಟರಲ್ಲಿ ಆತ ಸುಮಾರು 20 ಮೀಟರ್ ಜಾರಿರುತ್ತಾನೆ. ಅದಕ್ಕೆ ಹಿಡಿಯುವುದು ಹೆಚ್ಚುಕಡಿಮೆ ಎರಡೂವರೆ ಸೆಕೆಂಡು. ಇತ್ತ ತಲೆ ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬಂದಿರುತ್ತದೆ. ನೆಲ ಮುಟ್ಟುವಾಗ ಅದು ಕೆಳಮುಖವಾಗಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಬೈಕಿನಿಂದ ಬಿದ್ದರೂ ಈ ಪೆಟ್ಟು ತಪ್ಪಿದ್ದಲ್ಲ.

ಗೇರ್, ಅಂದರೆ ಸವಾರ ಮೈಮೇಲೆ ಹಾಕುವ ಹೆಲ್ಮೆಟ್, ಜಾಕೆಟ್, ಪ್ಯಾಂಟು, ಗ್ಲೌಸ್, ಬೂಟು, ಮಾಡಬೇಕಾದ ಕೆಲಸ ಎರಡು. ಪೆಟ್ಟು ಹೀರಬೇಕು, ಉಜ್ಜುವಿಕೆ ತಡೆಯಬೇಕು. ಅದಕ್ಕೂ ಮೊದಲು ಬೀಳುವ ಹೊತ್ತಿಗೆ ಅದು ಇರಬೇಕಾದ ಜಾಗದಲ್ಲಿ ಇರಬೇಕು. ಇಪ್ಪತ್ತು ಸಾವಿರದ ಜಾಕೆಟ್ಟಿನ ಮೊಣಕೈ ಪ್ಯಾಡು ಒಳತೋಳಿನ ಕಡೆಗೆ ತಿರುಗಿಕೊಂಡಿದ್ದರೆ ಡಾಂಬರಿಗೆ ಸಿಗುವುದು ಬರೀ ಮೊಣಕೈ. ಆದ್ದರಿಂದ ಇವತ್ತು ಬ್ರ್ಯಾಂಡಿನ ಮಾತು ಕಡಿಮೆ, ಹಾಕಿ ನೋಡುವ ಮಾತು ಜಾಸ್ತಿ.

ಹೆಲ್ಮೆಟ್ಟಿನಿಂದ ಶುರು ಮಾಡೋಣ. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ಆದರೆ ರಸ್ತೆ ಬದಿಯಲ್ಲಿ ಐಎಸ್‌ಐ ಸ್ಟಿಕ್ಕರ್ ಅಂಟಿಸುವುದೇನೂ ಕಷ್ಟವಲ್ಲ. ಅಸಲಿ ಗುರುತಿನ ಮೇಲೆ ಐಎಸ್ 4151 ಎಂದಿರುತ್ತದೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ. ಬರುವ ತಯಾರಕರ ಹೆಸರು ಹೆಲ್ಮೆಟ್ಟಿನ ಮೇಲಿನ ಹೆಸರಿಗೆ ತಾಳೆಯಾಗಬೇಕು. ಅಂಗಡಿಯಲ್ಲೇ ನಿಂತು ಮಾಡುವ ಕೆಲಸ ಇದು, ಒಂದು ನಿಮಿಷ ಸಾಕು. ಇದರ ಜೊತೆಗೆ ಯುರೋಪಿನಲ್ಲಿ ಬಳಸುವ ಹೆಲ್ಮೆಟ್ ಮಾನದಂಡವಾದ ಇಸಿಇ 22.06 ಗುರುತೂ ಇದ್ದರೆ ಇನ್ನೂ ಒಳ್ಳೆಯದು. ನೇರ ಪೆಟ್ಟಿನ ಜೊತೆ ತಲೆಯನ್ನು ತಿರುಚುವ ಓರೆ ಪೆಟ್ಟನ್ನೂ ಆ ಮಾನದಂಡ ಪರೀಕ್ಷಿಸುತ್ತದೆ.

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟೇ ಏಕೆ? ಜರ್ಮನಿಯಲ್ಲಿ ಅಪಘಾತ ಸಂಶೋಧಕ ಡೀಟ್ಮಾರ್ ಓಟ್ಟೆ ಅಪಘಾತಕ್ಕೀಡಾದ ಹೆಲ್ಮೆಟ್ಟುಗಳ ಮೇಲೆ ಪೆಟ್ಟು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತಿಸಿದಾಗ, ಹತ್ತಿರಹತ್ತಿರ ಮೂರನೇ ಒಂದು ಭಾಗ ಗದ್ದದ ಎಡಬಲಗಳಲ್ಲೇ ಕಂಡವು. ಹಾಫ್ ಹೆಲ್ಮೆಟ್ಟಿನಲ್ಲಿ ಆ ಜಾಗದಲ್ಲಿ ಗಾಳಿ ಮಾತ್ರ ಇರುತ್ತದೆ.

ಇನ್ನು ಅಳತೆ. ಹುಬ್ಬಿನಿಂದ ಎರಡೂವರೆ ಸೆಂಟಿಮೀಟರ್ ಮೇಲೆ, ಹಿಂದೆ ತಲೆ ಉಬ್ಬಿರುವ ಜಾಗದ ಮೇಲೆ ಹಾದುಬರುವಂತೆ ಟೇಪು ಸುತ್ತಿ. ಮೂರು ಸಲ ಅಳೆದು ದೊಡ್ಡ ಅಳತೆ ಇಟ್ಟುಕೊಳ್ಳಿ. ಸುತ್ತಳತೆ ಒಂದೇ ಇದ್ದರೂ ತಲೆಯ ಆಕಾರ ಒಂದೇ ಇರುವುದಿಲ್ಲ. ಮೇಲಿಂದ ನೋಡಿದರೆ ಕೆಲವರದು ತೆಂಗಿನಕಾಯಿಯ ಹಾಗೆ ದುಂಡು, ಕೆಲವರದು ಮಾವಿನಕಾಯಿಯ ಹಾಗೆ ಉದ್ದ. ಉದ್ದ ತಲೆಗೆ ದುಂಡು ಹೆಲ್ಮೆಟ್ ಹಾಕಿದರೆ ಹಣೆಯ ನಡುವೆ ಒತ್ತುತ್ತದೆ, ಕಿವಿಯ ಮೇಲ್ಗಡೆ ಖಾಲಿ ಉಳಿಯುತ್ತದೆ. "ಸ್ವಲ್ಪ ದಿನ ಹಾಕಿ ಸಾರ್, ಸರಿಹೋಗುತ್ತೆ" ಎಂದು ಅಂಗಡಿಯವರು ಹೇಳುವುದು ಕೆನ್ನೆಯ ಸ್ಪಂಜಿನ ಮಟ್ಟಿಗೆ ನಿಜ. ಕೆಲವು ವಾರಗಳಲ್ಲಿ ಅದು ಸಡಿಲವಾಗುತ್ತದೆ. ಹಣೆಯ ಹತ್ತಿರ ಒತ್ತುವುದು ಒಳಗಿನ ಥರ್ಮಾಕೋಲ್. ಅದು ಒಗ್ಗಿಕೊಳ್ಳುವ ವಸ್ತುವಲ್ಲ. ಅಂಥದ್ದನ್ನು ಬಿಟ್ಟು ಬೇರೆ ಮಾದರಿ ನೋಡಿ.

ಹಾಕಿಕೊಂಡ ಮೇಲೆ ಪಟ್ಟಿ ಬಿಗಿಯಿರಿ. ಗದ್ದದ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗುವಷ್ಟು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ: ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಆಮೇಲೆ ಬಹಳ ಜನ ಬಿಡುವ ಪರೀಕ್ಷೆ. ಹಿಂದಿನ ಕೆಳ ಅಂಚಿಗೆ ಬೆರಳು ಕೊಟ್ಟು ಮೇಲಕ್ಕೆ, ಮುಂದಕ್ಕೆ ಎಳೆಯಿರಿ. ಪಟ್ಟಿ ಹಾಕಿದ್ದರೂ ತಲೆಯಿಂದ ಉರುಳಿ ಬಂದರೆ ಬಿದ್ದಾಗಲೂ ಅದು ಹೀಗೇ ಬರುತ್ತದೆ. ಕಳಚುವ ಮುನ್ನ 20 ನಿಮಿಷ ಹಾಗೇ ಇರಿ. ತೆಗೆದಾಗ ಹಣೆಯ ಮೇಲೆ ಒಂದೇ ಕಡೆ ಕೆಂಪು ಕಲೆ ಇದ್ದರೆ ಆಕಾರ ಹೊಂದಲಿಲ್ಲ ಎಂದರ್ಥ.

ಕನ್ನಡಕ ಹಾಕುವವರು ಕನ್ನಡಕದ ಸಮೇತ ನೋಡಬೇಕು. ಜಡೆ ಕತ್ತಿನ ಹಿಂದೆ ಇಳಿಬಿಟ್ಟರೆ ತೊಂದರೆಯಿಲ್ಲ. ಮುಡಿ ಕಟ್ಟಿ ಕ್ಲಿಪ್ ಹಾಕಿದರೆ ಹೆಲ್ಮೆಟ್ ಮುಂದಕ್ಕೆ ವಾಲಿ ಕಣ್ಣಿಗೆ ಅಡ್ಡ ಬರುತ್ತದೆ. ಝುಮುಕಿ ತೆಗೆದಿಡುವುದು ಕಿವಿಗೂ ಒಳ್ಳೆಯದು. ಅಂದಹಾಗೆ, ಹೆಲ್ಮೆಟ್ಟನ್ನು ಕನ್ನಡಿಯ ಮೇಲೆ ಸಿಕ್ಕಿಸಿಡುವ ಅಭ್ಯಾಸ ಬಿಡಿ. ಕನ್ನಡಿಯ ತುದಿ ಥರ್ಮಾಕೋಲನ್ನು ಒಳಗಿನಿಂದ ತಗ್ಗು ಮಾಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತಗ್ಗಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟನ್ನು ಬಿಸಾಡಬೇಕು ಎನ್ನುವುದೂ ಇದೇ ಕಾರಣಕ್ಕೆ.

ಜಾಕೆಟ್ಟಿನ ವಿಷಯಕ್ಕೆ ಬಂದರೆ ಮೋಸ ಹೋಗುವ ದಾರಿಗಳು ಹೆಚ್ಚು. "ಸಿಇ ಆರ್ಮರ್ ಇದೆ", ಅಂದರೆ ಯುರೋಪಿನ ಗುರುತಿರುವ ರಕ್ಷಣಾ ಪ್ಯಾಡು ಇದೆ, ಎಂಬ ಮಾತನ್ನು ಅಷ್ಟಕ್ಕೇ ನಂಬಬೇಡಿ. ಪ್ಯಾಡನ್ನು ಜೇಬಿನಿಂದ ಹೊರಗೆ ತೆಗೆದು ಓದಿ. ಭುಜ, ಮೊಣಕೈ, ಸೊಂಟ, ಮಂಡಿಗಳ ಪ್ಯಾಡಿನ ಮೇಲೆ ಇಎನ್ 1621-1, ಬೆನ್ನಿನದರ ಮೇಲೆ 1621-2, ಎದೆಯದರ ಮೇಲೆ 1621-3 ಎಂದಿರಬೇಕು. ಪಕ್ಕದಲ್ಲಿ ಬೈಕ್ ಸವಾರನ ಚಿತ್ರ, ಲೆವೆಲ್ 1 ಅಥವಾ 2. ಈ ಲೆವೆಲ್ಲಿನ ಅರ್ಥ ಏನು? ಪ್ರಯೋಗಾಲಯದಲ್ಲಿ 5 ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಪ್ಯಾಡಿನ ಮೇಲೆ ಬೀಳಿಸುತ್ತಾರೆ. ಪ್ಯಾಡು ದಾಟಿ ಕೆಳಗೆ ತಲುಪುವ ಬಲ ಕೈಕಾಲಿನ ಪ್ಯಾಡಿಗೆ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ಬೆನ್ನಿಗೆ ಈ ಮಿತಿ 18 ಮತ್ತು 9. ಬೆನ್ನಿನ ಮಟ್ಟಿಗೆ ಲೆವೆಲ್ 2 ಎಂದರೆ ದಾಟುವ ಬಲದ ಮಿತಿ ಅರ್ಧಕ್ಕರ್ಧ ಕಡಿಮೆ, ಬೆಲೆಯ ವ್ಯತ್ಯಾಸ ಅಷ್ಟಿರುವುದಿಲ್ಲ. ಆದರೂ ಎಷ್ಟೋ ಜಾಕೆಟ್ಟುಗಳು ಬೆನ್ನಿನ ಜೇಬಿನಲ್ಲಿ ಗುರುತೇ ಇಲ್ಲದ ತೆಳು ಸ್ಪಂಜು ಇಟ್ಟುಕೊಂಡು ಬರುತ್ತವೆ. ಅದು ಜೇಬಿನ ಆಕಾರ ಕಾಯುವುದಕ್ಕೆ ಮಾತ್ರ. ಅಸಲಿ ಪ್ಯಾಡಿನ ದುಡ್ಡನ್ನೂ ಸೇರಿಸಿಯೇ ಜಾಕೆಟ್ಟಿನ ಬೆಲೆ ಲೆಕ್ಕ ಹಾಕಿ. ಬಿಸಿಲಿನ ಊರಿನವರು ಟಿ+ ಗುರುತೂ ಇದೆಯೇ ನೋಡಿ. 40 ಡಿಗ್ರಿ ಶಾಖದಲ್ಲೂ ಪ್ಯಾಡು ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ.

ಪ್ಯಾಡು ಬೇರೆ, ಬಟ್ಟೆ ಬೇರೆ. ಬಟ್ಟೆಯ ಉಜ್ಜುವಿಕೆಗೆ ಇಎನ್ 17092 ಎಂಬ ಮಾನದಂಡವಿದೆ. ಎಎಎ, ಎಎ, ಎ ಎಂದು ಮೂರು ಮುಖ್ಯ ದರ್ಜೆ. ಭುಜ, ಮೊಣಕೈ, ಮಂಡಿಯಂಥ ಮೊದಲು ನೆಲಕ್ಕೆ ತಾಗುವ ಜಾಗಗಳ ಬಟ್ಟೆಯನ್ನು ಈ ದರ್ಜೆಗಳಲ್ಲಿ ಕ್ರಮವಾಗಿ ಗಂಟೆಗೆ 120, 70, 45 ಕಿ.ಮೀ. ವೇಗಕ್ಕೆ ಸಮನಾಗಿ ಯಂತ್ರದಲ್ಲಿ ಉಜ್ಜಿ ನೋಡುತ್ತಾರೆ, ತೂತು ಬೀಳಬಾರದು. ಇದು ಯಂತ್ರದ ಲೆಕ್ಕ, ರಸ್ತೆಯ ಗ್ಯಾರಂಟಿ ಅಲ್ಲ. ಊರೊಳಗಿನ ಓಡಾಟಕ್ಕೆ ಎ ನಡೆಯುತ್ತದೆ, ಹೆದ್ದಾರಿಗೆ ಎಎಗಿಂತ ಕೆಳಗೆ ಇಳಿಯಬೇಡಿ ಎಂಬುದು ನಮ್ಮ ಅಭಿಪ್ರಾಯ. ಲೇಬಲ್ ಇಲ್ಲದ ಜಾಕೆಟ್ಟಾದರೆ ಭುಜ ಮತ್ತು ಮೊಣಕೈ ಮೇಲಿನ ಹೊಲಿಗೆ ನೋಡಿ. ಒಂದೇ ಸಾಲು, ಅದೂ ಹೊರಗೆ ಕಾಣುವ ನೂಲು ಮಾತ್ರವಾದರೆ, ಬಟ್ಟೆ ಗಟ್ಟಿ ಇದ್ದರೂ ನೂಲು ಸವೆದು ತೋಳು ಬಿಚ್ಚಿಕೊಳ್ಳುತ್ತದೆ.

ಹಾಕಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು ಒಪ್ಪಬೇಡಿ. ನಿಮ್ಮದೇ ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ತೋಳು ಹಿಂದಕ್ಕೆ ಸರಿದು ಮಣಿಕಟ್ಟು ಕಾಣುತ್ತಿದೆಯೇ? ಬೆನ್ನಿನ ಕೆಳಗೆ ಚರ್ಮ ಕಾಣುತ್ತಿದೆಯೇ? ಕತ್ತಿನ ಪಟ್ಟಿ ಗಂಟಲಿಗೆ ಒತ್ತುತ್ತಿದೆಯೇ? ಈಗ ಗೆಳೆಯರೊಬ್ಬರಿಗೆ ಮೊಣಕೈ ಪ್ಯಾಡು ಹಿಡಿದು ತಿರುಗಿಸಲು ಹೇಳಿ, ತೋಳನ್ನು ಮೇಲಕ್ಕೆ ತಳ್ಳಲು ಹೇಳಿ. ಪ್ಯಾಡು ಮೂಳೆ ಬಿಟ್ಟು ಸರಿದರೆ ತೋಳಿನ ಪಟ್ಟಿಗಳನ್ನು ಬಿಗಿದು ಮತ್ತೆ ನೋಡಿ. ಆಗಲೂ ಸರಿದರೆ ಒಂದು ಸೈಜು ಚಿಕ್ಕದು ಬೇಕು. ಪ್ಯಾಂಟಿನ ಲೆಕ್ಕ ಬೇರೆ. ನಿಂತಾಗ ಮಂಡಿ ಪ್ಯಾಡು ಸ್ವಲ್ಪ ಕೆಳಗೆ ಕಂಡರೆ ಅದೇ ಸರಿ, ಏಕೆಂದರೆ ಕೂತಾಗ ಬಟ್ಟೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಜಾಕೆಟ್ಟಿಗೂ ಪ್ಯಾಂಟಿಗೂ ಸೊಂಟದ ಸುತ್ತ ಜಿಪ್ ಇದ್ದರೆ ಹಾಕಿಯೇ ಓಡಿಸಿ. ಜಾರುವಾಗ ಜಾಕೆಟ್ ಎದೆಯವರೆಗೆ ಸುರುಳಿ ಸುತ್ತಿಕೊಳ್ಳದ ಹಾಗೆ ತಡೆಯುವುದು ಅದೇ.

ಸೆಕೆಯ ಮಾತು ಬಂದೇ ಬರುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಗಾಳಿ ಸುಮಾರು 35 ಡಿಗ್ರಿ ದಾಟಿದ ಮೇಲೆ ಚರ್ಮಕ್ಕಿಂತ ಗಾಳಿಯೇ ಬಿಸಿ. ಬರೀ ಟೀಶರ್ಟಿನಲ್ಲಿ ಹೋದರೆ ಮೈಗೆ ಬಡಿಯುವುದು ಬಿಸಿಗಾಳಿ. ಬೆವರು ಬೇಗ ಆರಿ ಮೈಯ ನೀರು ಖಾಲಿಯಾಗುತ್ತದೆ. ಮೆಶ್ (ಗಾಳಿಯಾಡುವ ಜಾಲರಿ ಬಟ್ಟೆಯ) ಜಾಕೆಟ್ಟಿನ ಒಳಗೆ ಒದ್ದೆ ಮಾಡಿ ಹಿಂಡಿದ ಹತ್ತಿ ಬನಿಯನ್ ಹಾಕಿ, ಎದೆಯ ಜಿಪ್ ಪೂರ್ತಿ ಮುಚ್ಚಿದರೆ ಮುಕ್ಕಾಲು ಗಂಟೆ ಒಂದು ಗಂಟೆ ತಂಪಾಗಿ ಹೋಗಬಹುದು. ಮಲೆನಾಡಿನ ಮಳೆಗೆ ಮಾತ್ರ ಜಾಕೆಟ್ಟಿನ ಒಳಪದರದ ರೇನ್ ಲೈನರನ್ನು ನೆಚ್ಚಿಕೊಳ್ಳಬೇಡಿ. ಮೈ ಒಣಗಿರುತ್ತದೆ ನಿಜ, ಆದರೆ ಹೊರಬಟ್ಟೆ ನೀರು ಕುಡಿದು ಭಾರವಾಗಿ ಆಗುಂಬೆ ಘಾಟಿ ಹತ್ತುವಷ್ಟರಲ್ಲಿ ನಡುಕ ಹುಟ್ಟಿಸುತ್ತದೆ. ಮೇಲಿಂದ ಹಾಕುವ ರೇನ್‌ಕೋಟೇ ವಾಸಿ.

ಗ್ಲೌಸಿಗೆ ಹೆಚ್ಚು ಮಾತು ಬೇಡ. ಬೀಳುವಾಗ ಮೊದಲು ನೆಲಕ್ಕೆ ಹೋಗುವುದು ಅಂಗೈ, ಹಾಗಾಗಿ ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಂಡು ಇರಲಿ. ಅಲ್ಲಿ ಬರೀ ಬಟ್ಟೆ ಇದ್ದರೆ ಕೈ ನೆಲಕ್ಕೆ ಕಚ್ಚಿಕೊಂಡು ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಇಎನ್ 13594 ಎಂಬ ಗುರುತಿನ ಪಕ್ಕದಲ್ಲಿ ಕೆಪಿ ಎಂದಿದ್ದರೆ ಗೆಣ್ಣಿನ ರಕ್ಷಣೆಯೂ ಪರೀಕ್ಷೆಯಾಗಿದೆ. ಮಣಿಕಟ್ಟಿನ ಪಟ್ಟಿ ಬಿಗಿದು, ಇನ್ನೊಂದು ಕೈಯಿಂದ ಬೆರಳ ತುದಿಗಳನ್ನು ಹಿಡಿದು ಎಳೆಯಿರಿ. ಕಳಚಿ ಬಂದರೆ ಬೇಡ. ಬ್ರೇಕು, ಕ್ಲಚ್ಚು ಎರಡನ್ನೂ ಹಿಡಿದು ನೋಡಿ: ಬೆರಳ ತುದಿ ಒಳಗೆ ಒತ್ತಿದರೆ ಚಿಕ್ಕದಾಯಿತು, ತುದಿಯಲ್ಲಿ ಖಾಲಿ ಬಟ್ಟೆ ಲಿವರಿಗೆ ಸಿಕ್ಕಿಕೊಂಡರೆ ದೊಡ್ಡದಾಯಿತು.

ಬೂಟು ಕಾಲಿನ ಗಿಣ್ಣು ಮುಚ್ಚಬೇಕು. ಹಿಮ್ಮಡಿ ಮತ್ತು ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸಲೀಸಾಗಿ ತಿರುಚಿದರೆ ಬೈಕು ಮೇಲೆ ಬಿದ್ದಾಗ ಪಾದವೂ ಹಾಗೇ ತಿರುಚುತ್ತದೆ. ಲೇಸು ಇದ್ದರೆ ಅದನ್ನು ಒಳಗೆ ಸಿಕ್ಕಿಸುವ ಜಾಗವೂ ಇರಬೇಕು. ಹೊರಗೆ ನೇತಾಡಿದರೆ ಗೇರ್ ಲಿವರಿಗೆ ಸುತ್ತಿಕೊಂಡು ನಿಲ್ಲಿಸುವಾಗ ಕಾಲು ನೆಲಕ್ಕೆ ಬರುವುದಿಲ್ಲ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ನಾವು ಹೇಳುವ ಕ್ರಮ: ಹೆಲ್ಮೆಟ್, ಗ್ಲೌಸ್, ಬೂಟು, ಜಾಕೆಟ್, ಆಮೇಲೆ ಪ್ಯಾಂಟು. ಹಿಂದೆ ಕೂರುವವರಿಗೂ ಇದೇ ಕ್ರಮ. ಅವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ಲೂ ಇಲ್ಲ, ಮುಂದೇನಾಗುತ್ತದೆಂದು ಕಾಣುವುದೂ ಇಲ್ಲ.

ಪ್ರಶ್ನೆಗಳಿಗೆ ಹೋಗುವ ಮುನ್ನ ಒಗೆಯುವ ಬಗ್ಗೆ ಒಂದು ಮಾತು. ಜಾಕೆಟ್ ಒಗೆಯುವಾಗ ಪ್ಯಾಡುಗಳನ್ನೆಲ್ಲ ತೆಗೆಯಬೇಕು. ತೆಗೆಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಎಡಬಲ ಅದಲುಬದಲಾಗಿ, ತಲೆಕೆಳಗಾಗಿ ಸೇರಿಸಿದ ಪ್ಯಾಡುಗಳು ಸರ್ವಿಸಿಗೆ ಬರುವ ಜಾಕೆಟ್ಟುಗಳಲ್ಲಿ ಸಾಮಾನ್ಯ. ತಣ್ಣೀರು, ಸೌಮ್ಯ ಸೋಪು, ನೆರಳಿನಲ್ಲಿ ಒಣಗಿಸುವುದು. ಪ್ಯಾಡು ಸೇರಿಸಿದ ಮೇಲೆ ಮತ್ತೊಮ್ಮೆ ಬೈಕಿನ ಮೇಲೆ ಕೂತು, ಮೊಣಕೈ ಮಡಿಸಿ, ಅದು ಮೂಳೆಯ ಮೇಲೇ ಕೂತಿದೆಯೇ ಎಂದು ಮುಟ್ಟಿ ನೋಡಿ.