ಅಜ್ಜನ ಮೊಳೆ ಕೇಸು ಹುಡುಕಿಕೊಂಡು ಹೋದಾಗ ಸಿಕ್ಕಿದ ರೇಟು

ಬಸ್ಸಿನೊಳಗಿಂದ ತೆಗೆದ ವಿಡಿಯೋ ಇದು, ಅಲುಗಾಡುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಮೊಳೆ ಅಂದರೆ ಅಚ್ಚಿಗೆ ಜೋಡಿಸುವ ಸೀಸದ ಅಕ್ಷರ, ಕೇಸು ಅಂದರೆ ಅದನ್ನು ಇಡುವ ಖಾನೆಗಳ ಮರದ ಟ್ರೇ. ಅದನ್ನು ಹುಡುಕಿಕೊಂಡು ಹಳೇ ಸಾಮಾನಿನ ಅಂಗಡಿಗೆ ಹೊರಟಿದ್ದೇನೆ. ಹೊರಗೆ ಕಾಣುತ್ತಿರುವುದು ಮಂಗಳೂರಿನ ಬಲ್ಮಠ. ಬಾಸೆಲ್ ಮಿಷನ್ನಿನ ಪ್ರೆಸ್ 1841ರಲ್ಲಿ ಶುರುವಾದ ಊರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ಕ್ಕೆ ಇಲ್ಲೇ ಹೊರಬಂತು. ಆದರೆ ಅದು ಮೊಳೆಯಲ್ಲಿ ಅಚ್ಚಾಗಿದ್ದಲ್ಲ, ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಒತ್ತಿದ್ದು. ಇದೇ ಪ್ರೆಸ್ಸಿನಿಂದ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಸುಮಾರು 70,000 ಪದ, ಒಂದೊಂದೇ ಅಕ್ಷರ ಹೆಕ್ಕಿ ಕೈಯಲ್ಲೇ ಜೋಡಿಸಿದ್ದು. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಜೋಡಿಸಿದವರಿಗೆ? ಬಿಡಿ, ಸ್ಟಾಪ್ ಬಂತು.

ನನ್ನ ಅಜ್ಜ ಆ ದೊಡ್ಡ ಪ್ರೆಸ್ಸಿನವರಲ್ಲ. ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವರು. 1953ರಲ್ಲಿ ಸೇರಿದ್ದು, ಆಗ ಹದಿನಾರು ವರ್ಷ. ಮದುವೆ ಕಾಗದ, ರಶೀದಿ ಪುಸ್ತಕ, ಆಟದ ಹ್ಯಾಂಡ್‌ಬಿಲ್. ಯಕ್ಷಗಾನ ಆಟ ಮಾರಾಯ್ರೆ, ವಿಡಿಯೋ ಗೇಮ್ ಅಲ್ಲ. ಮೊದಮೊದಲು ಜೋಡಿಸಲು ಕೊಡುತ್ತಲೇ ಇರಲಿಲ್ಲವಂತೆ. ಅಚ್ಚಾದ ಪುಟ ಬಿಚ್ಚಿ, ಸೀಮೆಎಣ್ಣೆಯಲ್ಲಿ ಶಾಯಿ ತೊಳೆದು, ಒಂದೊಂದು ಮೊಳೆಯನ್ನೂ ಅದರ ಖಾನೆಗೆ ವಾಪಸ್ ಹಾಕುವುದು. ಅದೇ ಟ್ರೈನಿಂಗ್. ಯಾವ ಅಕ್ಷರ ಎಲ್ಲಿ ಅಂತ ಕೈಗೇ ಗೊತ್ತಾಗುತ್ತದೆ.

ಈಗ ಅಂಗಡಿ. ಒಳಗೆ ಶೂಟಿಂಗಿಗೆ ಬಿಟ್ಟರು, ಅದೊಂದು ಪುಣ್ಯ. ಗೋಡೆಯ ಮೇಲೆ ನೇತಾಡುತ್ತಿದೆಯಲ್ಲ, ಚಿಕ್ಕ ಚಿಕ್ಕ ಖಾನೆಗಳ ಮರದ ಟ್ರೇ, ಅದೇ. ಅಂಗಡಿಯವರ ಪ್ರಕಾರ ಅದು ನಾಟಿ ವೈದ್ಯರ ಮದ್ದಿನ ಪೆಟ್ಟಿಗೆ! ಖಾನೆಯ ಮೂಲೆಗಳಲ್ಲೆಲ್ಲ ಪ್ರೆಸ್ಸಿನ ಕಪ್ಪು ಶಾಯಿ ಹಿಡಿದಿದೆ. ತೋರಿಸಿದೆ. "ಅದು ಕಷಾಯದ ಕಲೆ" ಅಂದರು. ರೇಟು ಕೇಳಿದರೆ ನಾಲ್ಕೂವರೆ ಸಾವಿರ. ಖಾಲಿ ಟ್ರೇಗೆ! ಒಂದು ಕಡೆ ಹಲಗೆ ಬಿರುಕು ಬಿಟ್ಟಿದೆ. ಅದನ್ನು ಹೇಳಿದರೆ "ಬಿರುಕು ಇದ್ದರೇ ಒರಿಜಿನಲ್" ಅಂತೆ. ಅಜ್ಜನ ಪ್ರೆಸ್ ಮುಚ್ಚಿದಾಗ ಇಂಥ ಕೇಸುಗಳು ಸೌದೆ ಲೆಕ್ಕದಲ್ಲಿ ಹೋದವು. ಮೊಳೆಗಳು ಗುಜರಿಯವನಿಗೆ, ಕಿಲೋ ಲೆಕ್ಕ. ಇಲ್ಲಿ ಗಾಜಿನ ಡಬ್ಬಿಯಲ್ಲಿಟ್ಟು ಒಂದು ಮೊಳೆಗೆ ಐವತ್ತು ರೂಪಾಯಿ. ಇದು ದರೋಡೆ. ಎಡಿಟಿಂಗಿನಲ್ಲಿ ಇದನ್ನು ತೆಗೆಯುವುದಿಲ್ಲ.

ಐವತ್ತು ಕೊಟ್ಟು ಒಂದು ತೆಗೆದುಕೊಂಡೆ. ಕೊಡದೆ ಇರಲಾಗಲಿಲ್ಲ. ಕ್ಲೋಸಪ್ ನೋಡಿ. ಎತ್ತರ ಒಂದು ಇಂಚಿಗಿಂತ ಚೂರು ಕಡಿಮೆ. ತುದಿಯಲ್ಲಿ 'ಕ', ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಸೀಸ, ತವರ, ಆಂಟಿಮನಿ ಮೂರೂ ಸೇರಿಸಿ ಎರಕ ಹೊಯ್ದದ್ದು. ಬರೀ ಸೀಸವಾದರೆ ಮೆತ್ತಗೆ, ಒತ್ತಿದರೆ ಚಪ್ಪಟೆ. ಪಕ್ಕದಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತಿದೆಯಾ? ಅದೇ ಮುಖ್ಯ. ಎಡಗೈಯಲ್ಲಿ ಸ್ಟಿಕ್ (ಸಾಲು ಜೋಡಿಸುವ ಪಟ್ಟಿ) ಹಿಡಿದು, ಬಲಗೈಯಲ್ಲಿ ಮೊಳೆ ಹೆಕ್ಕಿ ಇಡುವಾಗ ಕಣ್ಣು ಕಾಪಿಯ, ಅಂದರೆ ಬರೆದುಕೊಟ್ಟ ಹಾಳೆಯ ಮೇಲೆ. ಮೊಳೆಯ ತಲೆ ಯಾವ ಕಡೆ ಅನ್ನುವುದನ್ನು ಬೆರಳು ಈ ಕಚ್ಚು ಮುಟ್ಟಿ ತಿಳಿಯಬೇಕು. ಪದಗಳ ನಡುವಿನ ಜಾಗಕ್ಕೂ ಸೀಸದ ತುಂಡೇ. ಸಾಲು ಸಡಿಲವಾದರೆ ತೆಳು ತುಂಡು ಸೇರಿಸಿ ಬಿಗಿ ಮಾಡಬೇಕು. ಅಜ್ಜ ಉಲ್ಟಾ ಸಾಲನ್ನು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಗ್ರಾಹಕರು ಬರೆದುಕೊಟ್ಟ ಕಾಗುಣಿತವನ್ನು ಕೇಳದೆಯೇ ತಿದ್ದುತ್ತಿದ್ದರು. ಯಾರೂ ಥ್ಯಾಂಕ್ಸ್ ಹೇಳಿದ್ದಿಲ್ಲ. ಪತ್ರಿಕಾ ದಿನಾಚರಣೆಯಲ್ಲಿ ಭಾಷಣಕ್ಕೆ ಸಂಪಾದಕರನ್ನು ಕರೆಯುತ್ತಾರೆ, ಇವರನ್ನು ಯಾರು ಕರೆಯುತ್ತಾರೆ?

ಸೀಸ ಮುಟ್ಟಿದ ಕೈ ಅಂತ ಅಜ್ಜ ಊಟಕ್ಕೆ ಮೊದಲು ಸೋಪು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಮನೆಯಲ್ಲಿ ನಮ್ಮೆಲ್ಲರಿಗೂ ಅದೇ ಅಭ್ಯಾಸ, ಸೀಸ ಮುಟ್ಟದಿದ್ದರೂ.

ಅಂಗಡಿಯ ಹೊರಗೆ ನಿಂತು ಮಾವನಿಗೆ ಫೋನ್ ಮಾಡುತ್ತಿರುವುದು ಇದು. ಮಾವ ಅಜ್ಜನ ಪ್ರೆಸ್ಸಿನಲ್ಲೇ ಟ್ರೆಡಲ್, ಅಂದರೆ ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರ, ತುಳಿದವರು. ಫೋಟೋ ಕಳಿಸಿದೆ. ತಕ್ಷಣ ಉತ್ತರ: "ತೆಗೊಳ್ಳಬೇಡ ಮಾರಾಯ, ಅದು ಇಂಗ್ಲಿಷ್ ಕೇಸು." ನಡುವೆ ಒಂದು ದೊಡ್ಡ ಖಾನೆ ಇದೆಯಲ್ಲ, ಅದು ಇಂಗ್ಲಿಷಿನ 'ಇ' ಅಕ್ಷರಕ್ಕಂತೆ, ಅದೇ ಜಾಸ್ತಿ ಬೇಕಾಗುವುದು. ಕನ್ನಡಕ್ಕೆ ಇಷ್ಟು ಖಾನೆ ಎಲ್ಲಿ ಸಾಲುತ್ತದೆ? ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಅಜ್ಜನ ಸುತ್ತ ಕೇಸುಗಳ ಗೋಡೆಯೇ ಇತ್ತು.

ಇಲ್ಲೊಂದು ತಮಾಷೆ. ಆಮೇಲೆ ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ಮಾಡಿದ ಕೆ.ಪಿ. ರಾವ್ ನಮ್ಮ ಕಡೆಯವರೇ, ಕಿನ್ನಿಕಂಬಳದವರು. ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತ ತಾನೇ ಬರುತ್ತದೆ. ಅಷ್ಟೂ ಖಾನೆ ಒಂದು ಕೀಬೋರ್ಡಿಗೆ ಇಳಿಯಿತು. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವುದು, ಬಂದ ಮೇಲೆ ಅಜ್ಜನ ಪ್ರೆಸ್ 1994ರಲ್ಲಿ ಬಾಗಿಲು ಹಾಕಿತು. ಅಜ್ಜನಿಗೆ ಕಂಪ್ಯೂಟರ್ ಕಲಿಯಿರಿ ಅಂದರಂತೆ. ಒಂದು ವಾರ ಹೋಗಿ ಬಿಟ್ಟರು. "ಅಕ್ಷರ ಕೈಗೆ ಸಿಗುವುದಿಲ್ಲ" ಅಂತ.

ಅಂಗಡಿಯವರ ಬಗ್ಗೆ ದರೋಡೆ ಅಂದೆನಲ್ಲ, ಸ್ವಲ್ಪ ಜಾಸ್ತಿಯಾಯಿತೇನೋ. ಅವರು ಎತ್ತಿಡದಿದ್ದರೆ ಆ 'ಕ' ಕೂಡ ಕರಗಿಹೋಗಿರುತ್ತಿತ್ತು. ಆದರೆ ಕಷಾಯದ ಕಲೆ ಅಂದದ್ದನ್ನು ಮಾತ್ರ ಕ್ಷಮಿಸುವುದಿಲ್ಲ.

ಮಾವನ ಹತ್ತಿರ ಅಜ್ಜನ ಸ್ಟಿಕ್ ಇದೆಯಂತೆ, ಮುಂದಿನ ವಿಡಿಯೋ ಅದೇ. ಗೇಟು ಬಂತು. ನಾಯಿ ಇದೆ, ಇನ್ನು ನನ್ನ ಮಾತು ಕೇಳಿಸುವುದಿಲ್ಲ.